ಐದು ಎಕ್ಕ ಹಿಡಿದು ಪಾಸ್ ಅಂದವರು

ಕಳೆದ ಶುಕ್ರವಾರ ಮಧ್ಯಾಹ್ನ, ಕುವೈತಿನ ಮಹಬೂಲಾದ ಒಂದು ಎತ್ತರದ ಫ್ಲ್ಯಾಟಿನಲ್ಲಿ, ನಮ್ಮ ಯಜಮಾನರು ಕೈಯಲ್ಲಿ ಐದು ಎಕ್ಕ ಹಿಡಿದುಕೊಂಡು "ಪಾಸ್" ಅಂದರು.

ಐದು ಎಕ್ಕವೇ ಎಂದು ಹುಬ್ಬೇರಿಸಬೇಡಿ. ಮೋಸದ ಆಟವಲ್ಲ. ಎರಡು ಪ್ಯಾಕ್ ಸೇರಿಸಿ ಆಡುವ ಚೀನೀ ಇಸ್ಪೀಟಾಟ. ಹಾಗಾಗಿ ಎಕ್ಕಗಳು ಎಂಟಿರುತ್ತವೆ. ಎಂಟರಲ್ಲಿ ಐದು ಒಬ್ಬನ ಕೈಗೇ ಬರುವುದೆಂದರೆ ಅದೃಷ್ಟವೇ ಬಾಗಿಲಿಗೆ ಬಂದು ಬೆಲ್ ಒತ್ತಿದ ಹಾಗೆ. ನಮ್ಮವರು ಕಿಂಡಿಯಲ್ಲಿ ನೋಡಿ, ವಾಪಸ್ ಬಂದು ಸೋಫಾದ ಮೇಲೆ ಕೂತರು.

ನಾನು ಎದುರಾಳಿ ಪಕ್ಷದಲ್ಲಿದ್ದೆ. ಅವರು ಪಾಸ್ ಅಂದಿದ್ದರಿಂದಲೇ ನಾನು ಗೆದ್ದೆ. ಗೆದ್ದ ಸಿಟ್ಟು ಇನ್ನೂ ಇಳಿದಿಲ್ಲ. ಗೆದ್ದವಳಿಗೇಕೆ ಸಿಟ್ಟು ಎಂದು ಕೇಳುತ್ತೀರಾ? ಕೇಳಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವರ ಹೆಸರು ಜಯರಾಮ್. (ಈ ಅಂಕಣದ ಹಳೆಯ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಕುಕ್ಕರ್ ವಿಷಲ್ ಎಣಿಸಲು ಹೇಳಿದರೆ ವಾಟ್ಸಾಪ್ ನೋಡುತ್ತಾ ಎಣಿಕೆ ಮರೆತವರು ಇವರೇ.) ಕುವೈತಿನಲ್ಲಿ ಪ್ಲಾನಿಂಗ್ ಇಂಜಿನಿಯರ್. ಅಂದರೆ ಕಟ್ಟುವವರಲ್ಲ, ಕಟ್ಟಿಸುವವರೂ ಅಲ್ಲ. ಯಾವ ಕೆಲಸ ಆದ ಮೇಲೆ ಯಾವ ಕೆಲಸ ಎಂದು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಪಟ್ಟಿ ಎಳೆಯುವವರು. ಅವರು ದುಡಿಯುವ ಪ್ರಾಜೆಕ್ಟು ಒಂದು ಚೀನೀ ಕಂಪನಿಯದು. ಅದರ ಮ್ಯಾನೇಜರ್ ಲಿಯು ಸಾಹೇಬರು.

ಈ ಪ್ರಾಜೆಕ್ಟು ಈಗ ಮುಗಿಯುತ್ತಾ ಬಂದಿದೆ. ಮುಂದಿನದು ವಫ್ರಾದ ಹೊಲಗಳ ಕಡೆ, ಒಂದು ಪಂಪಿಂಗ್ ಸ್ಟೇಷನ್. ಲಿಯು ಇಬ್ಬರು ಪ್ಲಾನಿಂಗ್ ಇಂಜಿನಿಯರ್‌ಗಳಲ್ಲಿ ಒಬ್ಬರನ್ನು ಮಾತ್ರ ಅಲ್ಲಿಗೆ ಕರೆದುಕೊಂಡು ಹೋಗುತ್ತಾರಂತೆ. ಒಬ್ಬರು ನಮ್ಮವರು, ಇನ್ನೊಬ್ಬ ಈಜಿಪ್ಟಿನವ. ಉಳಿದವನಿಗೆ ಖಲಾಸ್. ಕೆಲಸ ಖಲಾಸ್ ಆದರೆ ಇಲ್ಲಿರುವ ಪರವಾನಗಿಯಾದ ಇಕಾಮಾ ಕೂಡ ಖಲಾಸ್. ನಾನೂ ಮಗಳು ಸಿಂಧುವೂ ಅವರ ಇಕಾಮಾದ ಮೇಲೆ ನಿಂತವರು. ಸಿಂಧು ಈಗ ಹನ್ನೆರಡನೇ ಕ್ಲಾಸು. ಬೋರ್ಡ್ ಪರೀಕ್ಷೆಯ ವರ್ಷದ ನಡುವೆ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಹೋಗಿ ಯಾವ ಶಾಲೆಯ ಬಾಗಿಲು ತಟ್ಟುವುದು? ಈ ಯೋಚನೆಯಲ್ಲೇ ನಮ್ಮ ಸಲ್ವಾದ ಮನೆಯಲ್ಲಿ ಎಲ್ಲರಿಗೂ ನಿದ್ದೆ ತಪ್ಪಿತ್ತು.

ಅಂಥ ಹೊತ್ತಿನಲ್ಲಿ ಲಿಯು ಸಾಹೇಬರಿಂದ ಕರೆ ಬಂತು. "ಫ್ರೈಡೇ ಕಮ್ ಮೈ ಹೌಸ್. ಬ್ರಿಂಗ್ ಮೇಡಂ. ವಿ ಪ್ಲೇ ಕಾರ್ಡ್ಸ್."

ನಮ್ಮವರ ಮುಖ ಅರಳಿತು. ಇಸ್ಪೀಟು ಅಂದರೆ ಅವರಿಗೆ ತವರುಮನೆ. ಮದುವೆಗೆ ಮೊದಲು ಮೈಸೂರು–ಬೆಂಗಳೂರು ರೈಲಿನಲ್ಲಿ, ನಾಲ್ವರ ಮಂಡಿಯ ಮೇಲೆ ಒಂದು ಸೂಟ್‌ಕೇಸ್ ಇಟ್ಟು, ಅದರ ಮೇಲೆ ಟವೆಲ್ ಹಾಸಿ, ದಿನಾ ರಮ್ಮಿ ಆಡಿದವರು. ಆ ರೈಲು ಇಳಿದ ಮೇಲೆ ಯಾವ ಆಫೀಸಿಗೆ ಹೋಗುತ್ತಿದ್ದರೋ ಅವರಿಗೆ ಸರಿಯಾಗಿ ನೆನಪಿಲ್ಲ. ಆಡಿದ ಕೈಗಳೆಲ್ಲ ನೆನಪಿವೆ.

ಆದರೆ ಇದು ರಮ್ಮಿಯಲ್ಲ. ಹೆಸರು ಗುವಾನ್‌ಡಾನ್. ಸಿಂಧು ಊಟದ ಮೇಜಿನ ಹತ್ತಿರ ಕೂತು, ಫೋನಿನಲ್ಲಿ ವಿಡಿಯೊ ನೋಡಿ, ಅನ್ನ ಆರುವಷ್ಟರಲ್ಲಿ ಕಲಿತುಬಿಟ್ಟಳು. ಆಮೇಲೆ ಎರಡು ಪ್ಯಾಕ್ ತಂದು ನಮಗೆ ಪಾಠ ಶುರುಮಾಡಿದಳು.

ಆಟ ಕಷ್ಟದ್ದಲ್ಲ. ನಾಲ್ವರು ಆಟಗಾರರು, ಎದುರು ಕೂತವರು ಜೊತೆಗಾರರು. ಮೊದಲು ಕೈ ಖಾಲಿ ಮಾಡಿದವರು ಗೆದ್ದರು. ಒಬ್ಬರು ಒಂದು ಬಗೆಯ ಜೋಡಣೆ ಇಳಿಸಿದರೆ ಉಳಿದವರು ಅದೇ ಬಗೆಯ, ಅದಕ್ಕಿಂತ ದೊಡ್ಡದನ್ನು ಹಾಕಬೇಕು. ಇಲ್ಲದಿದ್ದರೆ ಪಾಸ್. ಒಂಟಿ ಎಲೆಯ ಮೇಲೆ ಒಂಟಿ, ಜೋಡಿಯ ಮೇಲೆ ಜೋಡಿ, ಮೂರರ ಮೇಲೆ ಮೂರು. ಮೂರು ಒಂದೇ ಎಲೆ, ಜೊತೆಗೊಂದು ಜೋಡಿ, ಇದೂ ನಡೆಯುತ್ತದೆ. (ಮೂವರು ಮುಖ್ಯ ಅತಿಥಿಗಳು, ಜೊತೆಗೆ ಒಂದು ಜೋಡಿ ಪ್ರಾಯೋಜಕರು: ಇಲ್ಲಿನ ನಮ್ಮ ವೇದಿಕೆಗಳ ಮೇಲೆ ಈ ಜೋಡಣೆ ವರ್ಷವಿಡೀ ನಡೆಯುತ್ತದೆ.) ಬೆನ್ನಿಗೆ ಬೆನ್ನು ಬರುವ ಮೂರು ಜೋಡಿ ಆಗಬಹುದು. ಹಾಗೆಯೇ ಬರುವ, ಮೂರು ಮೂರು ಎಲೆಯ ಎರಡು ಗುಂಪು ಆಗಬಹುದು. ಸಾಲು ಆದರೆ ಐದೇ ಎಲೆ, ಹೆಚ್ಚಿಲ್ಲ ಕಮ್ಮಿಯಿಲ್ಲ.

ಇವೆಲ್ಲದರ ತಲೆಯ ಮೇಲೆ ಬಾಂಬ್. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಒಂದೇ ಎಲೆ ಸೇರಿದರೆ ಬಾಂಬ್. ಒಂದೇ ಬಣ್ಣದ (ಐದೂ ಆಟೀನು, ಇಲ್ಲವೇ ಐದೂ ಡೈಮಂಡ್, ಹೀಗೆ) ಐದರ ಸಾಲೂ ಬಾಂಬೇ. ಅದನ್ನು ಯಾವುದರ ಮೇಲೆ ಬೇಕಾದರೂ ಎಸೆಯಬಹುದು. ಎಸೆದವನದೇ ಮುಂದಿನ ಆಟ.

ರಮ್ಮಿ ಪಂಡಿತರು ಮೊದಲ ಕೈಯಲ್ಲೇ ಆಟೀನಿನ ನಾಲ್ಕು, ಐದು, ಆರು ಇಳಿಸಿದರು. "ನೋಡು, ಲೈಫ್ ಆಯ್ತು." (ರಮ್ಮಿಯಲ್ಲಿ ಒಂದೇ ಬಣ್ಣದ ಮೊದಲ ಸಾಲಿಗೆ ಲೈಫ್ ಅನ್ನುತ್ತಾರೆ.)

"ಅಪ್ಪಾ, ದಟ್ಸ್ ನಾಟ್ ವ್ಯಾಲಿಡ್," ಅಂದಳು ಸಿಂಧು.

"ಯಾಕಮ್ಮಾ? ಮೂರು ಎಲೆ, ಒಂದೇ ಬಣ್ಣ, ಸಾಲಾಗಿದೆ."

"ಯು ನೀಡ್ ಫೈವ್."

"ಸರಿ, ಆರು ಹಾಕ್ತೀನಿ ತಗೋ. ಮೂರು, ಏಳು, ಎಂಟೂ ಇದೆ."

"ಸಿಕ್ಸ್ ಈಸ್ ಆಲ್ಸೋ ನಾಟ್ ವ್ಯಾಲಿಡ್."

"ಐದಕ್ಕಿಂತ ಆರು ದೊಡ್ಡದಲ್ವೇನೆ?"

"ಅಪ್ಪಾ, ಇಟ್ಸ್ ಎ ರೂಲ್."

ನಮ್ಮವರು ನನ್ನ ಕಡೆ ತಿರುಗಿದರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಹುದಪ್ಪಾ."

ಇದೇ ನೋಡಿ ನಮ್ಮ ರೋಗ. ಆಟಕ್ಕೆ ನಿಯಮ ಇದೆ ಎಂದರೆ ನಮಗೆ ಮೈ ಉರಿ. ಅರ್ಧ ತಾಸು ತಡವಾಗಿ ಬಂದರೂ ಅಡ್ಜಸ್ಟ್, ಎರಡು ಕುರ್ಚಿಯಲ್ಲಿ ಮೂವರು ಕೂತರೂ ಅಡ್ಜಸ್ಟ್, ಮೂರೇ ಎಲೆಯ ಸಾಲಿಗೂ ಅಡ್ಜಸ್ಟ್. ಇಸ್ಪೀಟು ಎಲೆಗೆ ಅಡ್ಜಸ್ಟ್ ಎಂಬ ಮಾತು ಅರ್ಥವಾಗುವುದಿಲ್ಲ, ಪುಣ್ಯಕ್ಕೆ.

ಅಂತೂ ಗುರುವಾರದ ಹೊತ್ತಿಗೆ ಜೋಡಣೆಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಸ್ನಾನಕ್ಕೆ ಹೋಗುವಾಗಲೂ "ಮೂರು ಮತ್ತು ಒಂದು ಜೋಡಿ, ಐದರ ಸಾಲು" ಎಂದು ಗೊಣಗುತ್ತಿದ್ದರು. ಇಷ್ಟು ಶ್ರದ್ಧೆ ಕಂಡು ನನಗೂ ಹುರುಪು ಬಂತು. ಗೆದ್ದೇ ಬರೋಣ ಅಂದುಕೊಂಡೆ.

ಶುಕ್ರವಾರ ಹೊರಡುವ ಮೊದಲು ಅವರು ನನ್ನನ್ನು ಕೂರಿಸಿಕೊಂಡು ಗುಟ್ಟು ಹೇಳಿದರು.

"ನೋಡೇ, ನಾವು ಹೋಗ್ತಿರೋದು ಗೆಲ್ಲೋಕಲ್ಲ."

"ಮತ್ತೆ?"

"ಸೋಲೋಕೆ. ಆದ್ರೆ ಬೇಕಂತ ಸೋತ್ವಿ ಅಂತ ಗೊತ್ತಾಗಬಾರದು. ನಾಜೂಕಾಗಿ ಸೋಲಬೇಕು. ಸಾಹೇಬ್ರಿಗೆ ಖುಷಿ ಆಗ್ಬೇಕು."

"ಅಷ್ಟೊಂದು ಕಲಿತಿದ್ದು ಸೋಲೋಕಾ?"

"ಆಟ ಗೊತ್ತಿಲ್ದೆ ಸೋತ್ರೆ ದಡ್ಡ ಅಂತಾರೆ. ಗೊತ್ತಿದ್ದೂ ಸೋತ್ರೆ ಅದಕ್ಕೆ ಮರ್ಯಾದೆ ಅಂತಾರೆ."

ಈ ಮಾತನ್ನು ಯಾರಾದರೂ ಕಲ್ಲಿನಲ್ಲಿ ಕೆತ್ತಿಸಬೇಕು. ಆಮೇಲೆ ಆ ಕಲ್ಲನ್ನು ಸಮುದ್ರಕ್ಕೆ ಎಸೆಯಬೇಕು.

ಇದೇನು ನಮ್ಮವರೊಬ್ಬರ ಕಾಯಿಲೆಯಲ್ಲ. ಇಲ್ಲಿ ಬಂದ ಹೊಸತರಲ್ಲಿ ನಾನು ಬೆರಗಾಗಿ ನೋಡುತ್ತಿದ್ದೆ. ಶುಕ್ರವಾರದ ಕ್ರಿಕೆಟ್‌ನಲ್ಲಿ ಡೈರೆಕ್ಟರ್ ಬ್ಯಾಟ್ ಹಿಡಿದರೆ ಸಾಕು, ನಮ್ಮ ಬೌಲರ್‌ಗಳ ತೋಳು ಜೋಲುತ್ತದೆ. ಕೈಗೆ ಬಂದ ಕ್ಯಾಚ್ ಜಾರುತ್ತದೆ. ಜಾರಿಸಿಕೊಂಡವನು "ಬಿಸಿಲು ಕಣ್ಣಿಗೆ ಹೊಡೀತು" ಅನ್ನುತ್ತಾನೆ, ಬಿಸಿಲು ಅವನ ಬೆನ್ನ ಹಿಂದಿರುತ್ತದೆ. ಅಂತ್ಯಾಕ್ಷರಿಯಲ್ಲಿ ಜನರಲ್ ಮ್ಯಾನೇಜರ್ ಹೆಂಡತಿಗೆ ಹಾಡು ಹೊಳೆಯುವವರೆಗೂ ಗಡಿಯಾರ ನಿಂತಿರುತ್ತದೆ. ಮನೆಗೆ ಬಂದು ಮಾತ್ರ ಇದೇ ಗಂಡಸರು ಮಕ್ಕಳಿಗೆ ಉಪದೇಶ ಕೊಡುತ್ತಾರೆ, ಜೀವನದಲ್ಲಿ ಕಾಂಪಿಟಿಶನ್ ಮುಖ್ಯ ಮಗಾ ಎಂದು.

ಇರಲಿ. ಹೋದೆವು. ನಾನು ಮಾಡಿದ ಕೊಬ್ಬರಿ ಮಿಠಾಯಿಯ ಡಬ್ಬಿ ನಮ್ಮವರ ಕೈಯಲ್ಲಿ, ದೇವಸ್ಥಾನಕ್ಕೆ ಹಣ್ಣುಕಾಯಿ ಒಯ್ಯುವ ಹಾಗೆ.

ಲಿಯು ಸಾಹೇಬರೆಂದರೆ ನಾನು ಎತ್ತರದ ಗಂಭೀರ ಮನುಷ್ಯರನ್ನು ಊಹಿಸಿದ್ದೆ. ಬಾಗಿಲು ತೆರೆದವರು ಬನಿಯನ್ ಮೇಲೊಂದು ಅಂಗಿ ಹಾಕಿಕೊಂಡ ಗಿಡ್ಡ ಮನುಷ್ಯ. ಕಾಲಿಗೆ ರಬ್ಬರ್ ಚಪ್ಪಲಿ, ಕನ್ನಡಕ ಹಣೆಯ ಮೇಲೆ. ಅವರ ಹೆಂಡತಿ ಫೆಂಗ್ ಮೇಡಂ ಬೇಯಿಸಿದ ಕಡಲೆಕಾಯಿ, ಸೂರ್ಯಕಾಂತಿ ಬೀಜ, ಹಾಲಿಲ್ಲದ ಟೀ ತಂದಿಟ್ಟರು. ಮೇಜು ಸಿದ್ಧವಾಗಿತ್ತು. ನಾನೂ ನಮ್ಮವರೂ ಎದುರುಬದುರು ಕೂರಲು ಹೋದೆವು.

"ನೋ, ನೋ," ಅಂದರು ಲಿಯು. "ಹಸ್ಬೆಂಡ್ ವೈಫ್ ಸೇಮ್ ಟೀಮ್, ನೋ ಗುಡ್. ಟುಡೇ ಗೇಮ್, ಟುಮಾರೋ ಡಿವೋರ್ಸ್. ಮಿಸ್ಟರ್ ಜಯ, ಯು ವಿತ್ ಮಿ."

ಆ ಕ್ಷಣ ನಮ್ಮವರ ಮುಖ ನೀವು ನೋಡಬೇಕಿತ್ತು. ಒಂದು ವಾರದ ತಯಾರಿ ಒಂದೇ ಮಾತಿಗೆ ನೆಲಕಚ್ಚಿತು. ಸಾಹೇಬರಿಗೆ ಸೋಲಬೇಕೆಂದು ಬಂದವರು, ಈಗ ಸಾಹೇಬರ ಪಕ್ಷದಲ್ಲೇ ಕೂರಬೇಕು. ಜೊತೆಗಾರನಿಗೆ ಸೋಲುವುದು ಹೇಗೆ?

ನಮ್ಮವರು ಇಂಜಿನಿಯರ್ ಅಲ್ಲವೇ? ದಾರಿ ಹುಡುಕಿಯೇಬಿಟ್ಟರು. ಸಾಹೇಬರು ಎಲೆ ಇಳಿಸಿದರೆ ಅದರ ಮೇಲೆ ಹಾಕಬಾರದು. ಪಾಸ್. ನಾನೋ ಮೇಡಮ್ಮೋ ಇಳಿಸಿದರೆ, ಅದನ್ನು ಹೊಡೆಯಬೇಕೆಂದು ಸಾಹೇಬರಿಗೇ ಆಸೆ ಇದ್ದರೆ? ಅದಕ್ಕೂ ಪಾಸ್. ಹೀಗೆ ಆಡಿದರೆ ಏನಾಗುತ್ತದೆ? ಸಾಹೇಬರು ಒಬ್ಬರೇ ಇಬ್ಬರು ಹೆಂಗಸರ ಜೊತೆ ಹೊಡೆದಾಡುತ್ತಾರೆ. ನಮ್ಮವರು ಇಪ್ಪತ್ತೇಳು ಎಲೆಯನ್ನು ಬೀಸಣಿಗೆ ಮಾಡಿ ಹಿಡಿದು, ಸಾಹೇಬರಿಗೆ ಗಾಳಿ ಬೀಸುತ್ತಿರುವವರ ಹಾಗೆ ಕೂತಿರುತ್ತಾರೆ.

"ಪಾಸ್, ಪಾಸ್, ಪಾಸ್," ಅಂದರು ಲಿಯು. "ಮಿಸ್ಟರ್ ಜಯ, ಮಾಫಿ ಕಾರ್ಡ್?" ಮಾಫಿ ಅಂದರೆ ಇಲ್ಲಿನ ಅರಬ್ಬಿಯಲ್ಲಿ ಇಲ್ಲ ಎಂದು. ಸೈಟಿನಲ್ಲಿ ಚೀನೀಯರೂ ಅದನ್ನೇ ಆಡುತ್ತಾರೆ.

"ಯು ಪ್ಲೇ, ಸರ್. ಯು ಪ್ಲೇ," ಅಂದರು ನಮ್ಮವರು, ಎದೆಯ ಮೇಲೆ ಕೈಯಿಟ್ಟು.

ಮೊದಲ ಕೈಯಲ್ಲಿ ನಾನು ಮೊದಲಿಗಳು, ನಮ್ಮವರು ಕಟ್ಟಕಡೆಯವರು. ಈ ಆಟದಲ್ಲಿ ಅದಕ್ಕೊಂದು ಶಿಕ್ಷೆ ಇದೆ. ಮುಂದಿನ ಕೈಯಲ್ಲಿ ಕಡೆಯವನು ತನ್ನ ಅತಿ ದೊಡ್ಡ ಎಲೆಯನ್ನು ಗೆದ್ದವರಿಗೆ ಕಪ್ಪ ಒಪ್ಪಿಸಬೇಕು. ಗೆದ್ದವರು ಬದಲಿಗೊಂದು ಸಣ್ಣ ಎಲೆ ಬಿಸಾಕುತ್ತಾರೆ. ನಮ್ಮವರು ದೊಡ್ಡ ಜೋಕರನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನು ಒಂದು ಮೂರು ಕೊಟ್ಟೆ. "ಥ್ಯಾಂಕ್ಯೂ ಮೇಡಂ," ಅಂದರು. ಸ್ವಂತ ಹೆಂಡತಿಗೆ. ಅಭ್ಯಾಸಬಲ ಎಂದರೆ ಇದೇ ಇರಬೇಕು.

ನಾಲ್ಕನೆಯದೋ ಐದನೆಯದೋ ಕೈ. ನಾನು ಮೂರು ರಾಣಿ, ಒಂದು ಜೋಡಿ ಒಂಬತ್ತು ಇಳಿಸಿದ್ದೆ. ಲಿಯು ಯೋಚಿಸಿ, ಐದು ಎಲೆ ಮೇಜಿಗೆ ಕುಟ್ಟಿ, "ಬಾಂಬ್" ಅಂದರು. ಐದರಿಂದ ಒಂಬತ್ತರವರೆಗೆ ಆಟೀನಿನ ಸಾಲು. ಒಂದೇ ಬಣ್ಣದ ಐದರ ಸಾಲು ಬಾಂಬೇ ತಾನೇ.

ನಾನು ಬಗ್ಗಿ ನೋಡಿದೆ. ಐದು, ಆರು, ಏಳು, ಒಂಬತ್ತು ಆಟೀನು. ನಡುವಿನ ಎಂಟು ಮಾತ್ರ ಡೈಮಂಡ್. ಎರಡೂ ಕೆಂಪು. ಸಾಹೇಬರ ಕನ್ನಡಕ ಹಣೆಯ ಮೇಲಿತ್ತು. ಡೈಮಂಡ್ ಸೇರಿದ ಮೇಲೆ ಅದು ಬರೀ ಸಾಲು, ಬಾಂಬ್ ಅಲ್ಲ. ನನ್ನ ಎಲೆಗಳ ಮೇಲೆ ಅದನ್ನು ಹಾಕುವಂತಿಲ್ಲ.

ನಮ್ಮವರೂ ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಅವರ ಕಣ್ಣು ಆ ಎಂಟರ ಮೇಲೆ ನಿಂತು, ಒಂದು ಸಲ ಪಿಳಿಗುಟ್ಟಿ, ಸಾಹೇಬರ ಮುಖಕ್ಕೆ ಏರಿತು.

"ಸೂಪರ್ ಸರ್," ಅಂದರು ನಮ್ಮವರು. "ವಾಟ್ ಎ ಸೀಕ್ವೆನ್ಸ್."

ಮಗಳಿಗೆ ಆರು ಎಲೆಯ ಲೆಕ್ಕ ಕೇಳಿ ತಲೆ ತಿಂದವರು ಇವರೇ.

ಫೆಂಗ್ ಮೇಡಂ ಆ ಎಂಟನ್ನು ಎತ್ತಿ ಗಂಡನ ಮೂಗಿನ ಹತ್ತಿರ ಹಿಡಿದರು. ಚೀನೀ ಭಾಷೆಯಲ್ಲಿ ಎರಡೇ ಮಾತು. ಅರ್ಥವಾಗದಿದ್ದರೂ ಅರ್ಥವಾಯಿತು, ಹೆಂಡತಿಯರ ಆ ದನಿ ಎಲ್ಲ ಭಾಷೆಯಲ್ಲೂ ಒಂದೇ. ಲಿಯು ಕನ್ನಡಕ ಇಳಿಸಿ ನೋಡಿ, ಹೊಟ್ಟೆ ಹಿಡಿದು ನಕ್ಕು, ಐದೂ ಎಲೆ ವಾಪಸ್ ತೆಗೆದುಕೊಂಡರು. ಆಮೇಲೆ ನಗು ನಿಲ್ಲಿಸಿ ಜೊತೆಗಾರನನ್ನು ಕೇಳಿದರು.

"ಮಿಸ್ಟರ್ ಜಯ. ಯು ಸೀ ಡೈಮಂಡ್?"

"ಲೈಟ್ ಸ್ವಲ್ಪ ಕಮ್ಮಿ ಸರ್... ಲೈಟ್ ಈಸ್ ಲಿಟಲ್ ಲೆಸ್."

ಮಧ್ಯಾಹ್ನದ ಹೊತ್ತು. ಸಮುದ್ರದ ಕಡೆಯ ಕಿಟಕಿ. ಕುವೈತಿನ ಬಿಸಿಲು. ಲೈಟ್ ಕಮ್ಮಿಯಂತೆ.

ಆ ದಿನದ ಕೊನೆಯ ಕೈ. ಈಗ ಬಂದೆ ಐದು ಎಕ್ಕದ ವಿಷಯಕ್ಕೆ.

ಲಿಯು ಸಾಹೇಬರು ಏಕಾಂಗಿಯಾಗಿ ಹೋರಾಡಿ ಒಂದೇ ಒಂದು ಎಲೆ ಉಳಿಸಿಕೊಂಡಿದ್ದರು. ಅದನ್ನು ಇಳಿಸಲು ಒಂದು ಅವಕಾಶ ಸಿಕ್ಕರೆ ಗೆದ್ದರು. ನನ್ನ ಸರದಿ. ನಾನು ಮೂರು ಏಳು, ಮೂರು ಎಂಟು ಒಟ್ಟಿಗೆ ಇಳಿಸಿದೆ. ನನ್ನ ಕೈಯಲ್ಲಿ ಉಳಿದದ್ದು ಒಂದು ಜೋಡಿ ನಾಲ್ಕು. ಲಿಯು ಅವರ ಒಂಟಿ ಎಲೆಯಿಂದ ಇದನ್ನು ಹೊಡೆಯಲಾಗದು, ಪಾಸ್. ಫೆಂಗ್ ಮೇಡಂ ನನ್ನ ಜೊತೆಗಾರ್ತಿ, ಪಾಸ್. ಉಳಿದವರು ನಮ್ಮವರು.

ಅವರ ಕೈಯಲ್ಲಿ ಐದು ಎಕ್ಕ. ಇಳಿಸಿದ್ದರೆ ನನ್ನ ಆರೂ ಎಲೆ ಬೂದಿ. ಮುಂದಿನ ಆಟ ಅವರದೇ. ಒಂದು ಒಂಟಿ ಮೂರು ಹಾಕಿದ್ದರೂ ಸಾಕಿತ್ತು, ಅದರ ಮೇಲೆ ಸಾಹೇಬರು ತಮ್ಮ ಕೊನೆಯ ಎಲೆ ಇಳಿಸಿ ಗೆಲ್ಲುತ್ತಿದ್ದರು. ಸಿಂಧು ಹೇಳಿಕೊಟ್ಟ ಮೊದಲ ಪಾಠವೇ ಇದು.

ನಮ್ಮವರು ಎಲೆಗಳನ್ನು ಸ್ವಲ್ಪ ಮುಂದೆ ಸರಿಸಿದರು. ಹಿಂದೆ ಎಳೆದುಕೊಂಡರು. ಸಾಹೇಬರ ಮುಖ ನೋಡಿದರು. "ಸರ್...?" ಅಂದರು.

ಅನುಮತಿ ಕೇಳುತ್ತಿದ್ದರು. ಇಸ್ಪೀಟಾಟದಲ್ಲಿ ಎಲೆ ಇಳಿಸಲು ಮೇಲಧಿಕಾರಿಯ ಅಪ್ರೂವಲ್.

ಜೊತೆಗಾರನಿಗೆ ಸನ್ನೆ ಮಾಡುವುದು ಆಟದಲ್ಲಿ ನಿಷಿದ್ಧ. ಲಿಯು ಚಾವಣಿ ನೋಡುತ್ತಾ ಕೂತರು. ಅಪ್ರೂವಲ್ ಬರಲಿಲ್ಲ.

"ಪಾಸ್," ಅಂದರು ನಮ್ಮವರು.

ನಾನು ಜೋಡಿ ನಾಲ್ಕು ಇಳಿಸಿ ಕೈ ಒರೆಸಿಕೊಂಡೆ. ಯಾರೂ ಹೊಡೆಯಲಿಲ್ಲ. ನಾನು ಮುಗಿಸಿದ್ದರಿಂದ ಆಡುವ ಹಕ್ಕು ನನ್ನ ಜೊತೆಗಾರ್ತಿಗೆ ಹೋಯಿತು. ಮೇಡಂ ಐದರ ಸಾಲು ಇಳಿಸಿ ತಾವೂ ಮುಗಿಸಿದರು. ಗಂಡಸರು ಇಬ್ಬರೂ ಮಣ್ಣುಮುಕ್ಕಿದರು.

ಲಿಯು ಎಲೆ ಕೂಡಿಸುವಾಗ ನಮ್ಮವರ ಎಲೆಗಳನ್ನು ಮಗುಚಿ ನೋಡಿದರು. ಒಂದು ಎಕ್ಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು. ಮತ್ತೊಂದು. ಐದನ್ನೂ ಸಾಲಾಗಿ ಇಟ್ಟು ನೋಡುತ್ತಾ ಕೂತರು. ಫೆಂಗ್ ಮೇಡಂ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಬಾಂಬ್," ಅಂದರು ಲಿಯು, ಬಹಳ ಮೆತ್ತಗೆ. "ವೈ ಸ್ಲೀಪಿಂಗ್?"

"ಸರ್, ಐ ವಾಸ್ ವೇಟಿಂಗ್ ಫಾರ್ ಯು, ಸರ್."

ಲಿಯು ತಲೆಯಾಡಿಸಿ ಟೀ ಬಗ್ಗಿಸಿದರು. ಇಸ್ಪೀಟಿನ ಮಾತು ಮತ್ತೆ ಎತ್ತಲಿಲ್ಲ. ವಫ್ರಾದ ಮಾತನ್ನೂ ಎತ್ತಲಿಲ್ಲ. ಕೊಬ್ಬರಿ ಮಿಠಾಯಿ ಚೆನ್ನಾಗಿದೆ ಅಂದರು, ಅಷ್ಟೇ.

ಕಾರಿನಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ.

"ಏನ್ರೀ ಅದು? ಎಕ್ಕ ಏನು ಉಪ್ಪಿನಕಾಯಿ ಹಾಕೋಕಿಟ್ಟಿದ್ರಾ?"

"ನಿಂಗೆ ಅರ್ಥ ಆಗಲ್ಲ. ನಾನು ಬಾಂಬ್ ಹಾಕಿ ಲೆಕ್ಕ ತಪ್ಪಿದ್ರೆ ಹೊಣೆ ಯಾರು? ಸಾಹೇಬ್ರು ಏನೂ ಹೇಳ್ಲಿಲ್ವಲ್ಲ."

"ಆ ಡೈಮಂಡ್ ಎಂಟು? ಅದನ್ನ ನೋಡಿದ್ರಿ ನೀವು. ಸುಳ್ಳು ಹೇಳ್ಬೇಡಿ."

"ನೋಡಿದೆ. ಅವರ ಮನೇಲಿ ಕೂತು ಅವರದ್ದೇ ತಪ್ಪು ಅಂತ ಹೇಳೋಕಾಗುತ್ತಾ?"

ನನಗೆ ಒಂದು ಅನುಮಾನ ಬಂತು. ಹೆಂಡತಿಯಾದವಳಿಗೆ ಬರುವ ಅನುಮಾನ. "ಆಫೀಸಲ್ಲೂ ಹೀಗೇ ಮಾಡ್ತೀರಾ?"

ಸಿಗ್ನಲ್ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ, ಇವರು ಗೇರ್ ಹಾಕಲಿಲ್ಲ. ಮೆಲ್ಲಗೆ ಬಾಯಿಬಿಟ್ಟರು.

ವಫ್ರಾದ ಕೆಲಸಕ್ಕೆ ಲಿಯು ಒಂದು ಶೆಡ್ಯೂಲ್ ಮಾಡಿದ್ದಾರೆ. ಯಾವ ಕೆಲಸದ ಹಿಂದೆ ಯಾವ ಕೆಲಸ ಎಂಬ ಸಾಲು. ಅದರಲ್ಲಿ ಪಂಪುಗಳ ಟೆಸ್ಟಿಂಗ್ ಮೊದಲು, ಕರೆಂಟ್ ಬರುವುದು ಆಮೇಲೆ. ಕರೆಂಟೇ ಇಲ್ಲದೆ ಪಂಪ್ ಓಡಿಸಿ ಪರೀಕ್ಷಿಸುವುದು ಹೇಗೆ? ನಮ್ಮವರಿಗೆ ಅದು ಮೊದಲ ದಿನವೇ ಕಂಡಿತ್ತು. ಈಜಿಪ್ಟಿನವನಿಗೆ ಕಂಡಿತ್ತೋ ಇಲ್ಲವೋ, ಅವನೂ ಬಾಯಿ ಬಿಟ್ಟಿರಲಿಲ್ಲ. ಲಿಯು ಕೇಳಿದಾಗ ನಮ್ಮವರು ಹೇಳಿದ್ದು, "ವೆರಿ ನೈಸ್ ಸೀಕ್ವೆನ್ಸ್, ಸರ್." ಮುಂದಿನ ವಾರ ಅದು ಸರ್ಕಾರದವರ ಮೇಜಿಗೆ ಹೋಗುವುದಿತ್ತು.

ಮೂರು ಎಲೆಯ ಸಾಲು ನಡೆಯುವುದಿಲ್ಲ ಎಂದು ಹೇಳಲು ಹನ್ನೆರಡನೇ ಕ್ಲಾಸಿನ ಹುಡುಗಿಗೆ ಧೈರ್ಯ ಇದೆ. ಕರೆಂಟಿಲ್ಲದ ಪಂಪು ನಡೆಯುವುದಿಲ್ಲ ಎಂದು ಹೇಳಲು ಅವಳ ಅಪ್ಪನಿಗೆ ಬಾಯಿ ಕಟ್ಟಿದೆ. ಅವಳ ವರ್ಷ ಉಳಿಸಲೆಂದೇ ಬಾಯಿ ಕಟ್ಟಿಕೊಂಡಿದ್ದಾರಂತೆ! ಸಲ್ವಾ ಬರುವವರೆಗೆ ನಾನೇನು ಬೈದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ, ಸಂಪಾದಕರು ಸಭ್ಯಸ್ಥರು. ಸಾರಾಂಶ ಇಷ್ಟು: "ಈ ತಪ್ಪು ನಾಳೆ ಬಯಲಾದಾಗ ಸಾಹೇಬ್ರು ನಿಮ್ಮ ಮರ್ಯಾದೆ ನೋಡಿ ಮೆಚ್ಚಲ್ಲ. ಕಣ್ಣಿದ್ದೂ ಕುರುಡ ಅಂತ ಮೊದಲು ನಿಮ್ಮನ್ನೇ ಕಳಿಸ್ತಾರೆ. ಭಾನುವಾರ ಹೋಗಿ ಹೇಳಿ. ಹೇಳದೆ ಮನೆಗೆ ಬಂದ್ರೆ ಅಡುಗೆಮನೆಯಿಂದ ಪಾಸ್ ಅಂತ ಕೇಳಿಸುತ್ತೆ."

ಭಾನುವಾರ ಇಲ್ಲಿ ವಾರದ ಮೊದಲ ಕೆಲಸದ ದಿನ. ನಮ್ಮವರು ಹೋಗಿ ಹೇಳಿದರು. ಲಿಯು ಕೂಗಾಡಿದ್ದು ಪಕ್ಕದ ಕ್ಯಾಬಿನ್ನಿಗೂ ಕೇಳಿಸಿತಂತೆ. ತಪ್ಪಾಗಿದ್ದಕ್ಕಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು. ಮನೆಗೆ ಬಂದವರು ಊಟ ಸೇರದೆ ತಟ್ಟೆಯಲ್ಲಿ ಗೀಚುತ್ತಾ ಕೂತರು. "ಆಯ್ತು ಕಣೇ. ಸೂಟ್‌ಕೇಸ್ ಕೆಳಗಿಳಿಸು," ಅಂದರು. ಸಿಂಧು ಪುಸ್ತಕ ಮುಚ್ಚಿ ರೂಮಿಗೆ ಹೋದಳು. ಬಾಯಿ ಬಿಡಿ ಎಂದವಳು ನಾನು. ಮನೆ ಮುಳುಗಿಸಿದೆನೇನೋ ಅನ್ನಿಸಿ ಎರಡು ದಿನ ನಾನೂ ಸರಿಯಾಗಿ ಉಣ್ಣಲಿಲ್ಲ.

ಮಂಗಳವಾರ ಲಿಯು ಕರೆದರು. ಅವರು ಹೇಳಿದ್ದನ್ನು ನಮ್ಮವರು ಅಕ್ಷರಶಃ ಒಪ್ಪಿಸಿದರು. "ಯು ಕಮ್ ವಫ್ರಾ. ಯುವರ್ ಟೇಬಲ್, ಮೈ ಸೈಡ್. ಎವ್ರಿ ಡೇ ಯು ಟೆಲ್ ಮಿ ಒನ್ ಮಿಸ್ಟೇಕ್. ನೋ ಮಿಸ್ಟೇಕ್, ಖಲಾಸ್."

ದಿನಕ್ಕೊಂದು ಸಾಹೇಬರ ತಪ್ಪು ಹುಡುಕಿ ಹೇಳುವ ಕೆಲಸ. ಇಕಾಮಾ ಉಳಿಯಿತು. ಸಿಂಧುವಿನ ವರ್ಷ ಉಳಿಯಿತು. "ಸೋ ಐ ಸ್ಟಿಲ್ ಹ್ಯಾವ್ ಫಿಸಿಕ್ಸ್ ಪ್ರಾಕ್ಟಿಕಲ್ಸ್?" ಎಂದು ಗೊಣಗಿದಳು. ಗೊಣಗುತ್ತಲೇ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ನಾನು ಪಾಯಸ ಮಾಡಿದೆ. ಕತೆ ಇಲ್ಲಿಗೆ ಮುಗಿದಿದ್ದರೆ ಈ ಅಂಕಣ ಬರೆಯುತ್ತಲೇ ಇರಲಿಲ್ಲ. ಗಂಡನ ಮಾನ ಕಾಪಾಡುವುದು ನನಗೂ ಗೊತ್ತು.

ಆದರೆ ನಿನ್ನೆ ಗುರುವಾರ ಸಂಜೆ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದ ಮುಗಿದು, ಗಂಡಸರೆಲ್ಲ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಗುಂಪಾಗಿದ್ದರು. ನಡುವೆ ನಮ್ಮವರು.

"ಕೈಯಲ್ಲಿ ಐದು ಎಕ್ಕ ಇತ್ತು ಕಣ್ರೀ. ಐದು. ಹಾಕಿದ್ರೆ ಆಟ ನಂದೇ. ಆದ್ರೂ ಹಾಕ್ಲಿಲ್ಲ. ಸಾಹೇಬ್ರ ಹೆಂಡ್ತಿ ಗೆಲ್ಲಲಿ ಅಂತ ಬಿಟ್ಕೊಟ್ಟೆ. ಮನೆಯಾಕೆ ಖುಷಿಯಾದ್ರೆ ಸಾಹೇಬ್ರು ಖುಷಿ. ಮಂಗಳವಾರ ಕೆಲ್ಸ ಕೈಯಲ್ಲಿ. ಇದನ್ನ ಯಾವ ಎಂಬಿಎಲೂ ಹೇಳ್ಕೊಡಲ್ಲ."

ಗುಂಪಿನಲ್ಲಿ ಪ್ರವೀಣ ಇದ್ದ. ಮೂಡಬಿದಿರೆಯವನು, ಇಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಒಂದು ಹೋಟೆಲಿನ ಫ್ರಂಟ್ ಆಫೀಸಿನಲ್ಲಿದ್ದಾನೆ. ಚುರುಕು ಹುಡುಗ, ಕಂಡದ್ದನ್ನು ಕಂಡ ಹಾಗೆ ಹೇಳುವವನು. ಅವನು ಕಣ್ಣರಳಿಸಿ ಕೇಳಿದ, "ಹೌದಾ ಮಾರಾಯ್ರೆ? ಹಾಗಾದ್ರೆ ಮ್ಯಾನೇಜರ್ ತಪ್ಪು ಮಾಡಿದ್ರೂ ನಾವು ಸುಮ್ಮನೆ ಇರುದೇ ಒಳ್ಳೇದಾ ಸರ್? ನಾನು ಭಾನುವಾರ ಒಂದು ವಿಷಯ ಹೇಳುವ ಅಂತ ಇದ್ದೆ."

"ಸುಮ್ನಿರೋದೂ ಒಂದು ಕಲೆ ಕಣಯ್ಯಾ," ಅಂದರು ನಮ್ಮವರು. ಆಮೇಲೆ ನನ್ನ ಕಡೆ ತಿರುಗಿದರು. "ಏನೇ, ಹೌದಲ್ವಾ? ಇವಳೂ ಅಲ್ಲೇ ಇದ್ಲು."

ಎಲ್ಲರೂ ನನ್ನ ಕಡೆ ನೋಡಿದರು. ಡೈಮಂಡ್ ಎಂಟು ನನ್ನ ಕೈಯಲ್ಲಿತ್ತು. ಕರೆಂಟಿಲ್ಲದ ಪಂಪು ನನ್ನ ಕೈಯಲ್ಲಿತ್ತು. ಭಾನುವಾರ ತಟ್ಟೆಯಲ್ಲಿ ಗೀಚುತ್ತಾ ಕೂತಿದ್ದೂ ಇತ್ತು. ಆದರೆ ನಾಲ್ಕು ಜನರ ಎದುರು ಗಂಡನ ಮಾತಿನ ಮೇಲೆ ಎಲೆ ಇಳಿಸುವುದೇ? ನಮ್ಮ ಕಡೆ ಹೆಂಗಸರಿಗೆ ಕಲಿಸಿರುವ ಆಟವೂ ಅದೇ ಅಲ್ಲವೇ?

"ಹೌದು," ಅಂದು ನಕ್ಕೆ. ಅಂದರೆ ಪಾಸ್.

ಪ್ರವೀಣ ತಲೆಯಾಡಿಸಿದ. ನಾಡಿದ್ದು ಭಾನುವಾರ ಅವನು ಬಾಯಿ ಮುಚ್ಚಿಕೊಂಡು ಕೂರುತ್ತಾನೆ, ನನ್ನ ಆ ಒಂದು "ಹೌದು"ವಿನಿಂದ. ಮನೆಗೆ ಬಂದರೂ ಅದೇ ಕೊರೆಯುತ್ತಿತ್ತು. ಅದಕ್ಕೇ ಕೂತು ಇಷ್ಟೂ ಬರೆದೆ.

ನಮ್ಮವರು ನನ್ನ ಅಂಕಣ ಓದುವುದಿಲ್ಲ. ಗ್ರೂಪಿಗೆ ಯಾರಾದರೂ ಫಾರ್ವರ್ಡ್ ಮಾಡಿದರೆ ಮಾತ್ರ ಓದುತ್ತಾರೆ. ದಯವಿಟ್ಟು ಫಾರ್ವರ್ಡ್ ಮಾಡಿ. ಮೊದಲು ಪ್ರವೀಣನಿಗೆ.

ಏನ್ರೀ, ನನ್ನ ಎಲೆ ಇಳಿಸಿದ್ದೇನೆ. ಇದರ ಮೇಲೆ ಹಾಕಲು ನಿಮ್ಮ ಹತ್ತಿರ ಏನಾದರೂ ಇದೆಯಾ, ಇಲ್ಲಾ ಪಾಸಾ?